ಆರನೆಯ ಮತ

1907ರ ಜುಲೈ 16ರಂದು ಸ್ಯಾನ್ ಫ್ರಾನ್ಸಿಸ್ಕೋದ ನಗರಸಭೆಯಾದ ಆಡಳಿತ ಮಂಡಳಿ ಸಭೆ ಸೇರಿ ಊರಿಗೊಬ್ಬ ಹೊಸ ಮೇಯರನ್ನು ಆರಿಸಿತು. ಆರಿಸಿದವರಲ್ಲಿ ಬಹುಪಾಲು ಮಂದಿ ತಾವು ಲಂಚ ತಿಂದದ್ದು ನಿಜವೆಂದು ಅದಾಗಲೇ ಗ್ರ್ಯಾಂಡ್ ಜೂರಿಯ ಮುಂದೆ ಒಪ್ಪಿಕೊಂಡಿದ್ದವರು. ಆಯ್ಕೆಯಾದವರು ಎಡ್ವರ್ಡ್ ರಾಬ್ಸನ್ ಟೇಲರ್. ಮೊದಲು ವೈದ್ಯ, ಆಮೇಲೆ ವಕೀಲ, ಆ ಹೊತ್ತಿಗೆ ಹೇಸ್ಟಿಂಗ್ಸ್ ಕಾನೂನು ಕಾಲೇಜಿನ ಡೀನ್, ಬಿಡುವಾದಾಗ ಸಾನೆಟ್ ಬರೆಯುವ ಕವಿ. ಅರವತ್ತು ದಾಟಿದ ಈ ಹಿರಿಯರು ಮೇಯರ್ ಚುನಾವಣೆಗೆ ನಿಂತವರಲ್ಲ, ಯಾರ ಬಳಿಯೂ ಮತ ಕೇಳಿದವರಲ್ಲ. ಅವರ ಹೆಸರು ಬಂದದ್ದು ಮೊಕದ್ದಮೆ ನಡೆಸುತ್ತಿದ್ದ ಸರ್ಕಾರಿ ವಕೀಲರ ಪಾಳಯದಿಂದ. ತಪ್ಪೊಪ್ಪಿಕೊಂಡ ಸದಸ್ಯರು ಅದಕ್ಕೆ ಹೂಂಗುಟ್ಟಿದರು, ಅಷ್ಟೆ.

ಟೇಲರ್ ಅವರಿಗಿಂತ ಹಿಂದಿನ ಒಂದು ವಾರ ಮೇಯರ್ ಆಗಿದ್ದ ಚಾರ್ಲ್ಸ್ ಬಾಕ್ಸ್‌ಟನ್ ಕಥೆ ಇನ್ನೂ ವಿಚಿತ್ರ. ವೃತ್ತಿಯಲ್ಲಿ ದಂತವೈದ್ಯ, ಮಂಡಳಿಯ ಸದಸ್ಯ, ಲಂಚ ಪಡೆದವರ ಪಟ್ಟಿಯಲ್ಲಿ ಅವನೂ ಒಬ್ಬ. ಕಾಯಂ ಮೇಯರ್ ಸಿಗುವವರೆಗೆ ಕುರ್ಚಿ ಖಾಲಿ ಇರಬಾರದೆಂದು ಅವನನ್ನು ಕೂರಿಸಿದ್ದರು. ಚುನಾಯಿತ ಮೇಯರ್ ಯೂಜೀನ್ ಸ್ಮಿಟ್ಜ್ ಸುಲಿಗೆ ಆರೋಪ ಸಾಬೀತಾಗಿ ಜೈಲಿನಲ್ಲಿದ್ದ. ಮಂಡಳಿಯನ್ನು ಒಮ್ಮೆಗೇ ವಜಾ ಮಾಡಿದರೆ ಜೈಲಿನಲ್ಲಿ ಕೂತ ಸ್ಮಿಟ್ಜ್ ತನ್ನವರನ್ನೇ ಆ ಜಾಗಗಳಿಗೆ ತುಂಬಿಯಾನು ಎಂಬ ಭಯ ವಕೀಲರಿಗೆ. ಹಾಗಾಗಿ ಭ್ರಷ್ಟರನ್ನೇ ಅವರವರ ಕುರ್ಚಿಯಲ್ಲಿ ಉಳಿಸಿಕೊಂಡು, ಅವರ ಮತದಿಂದಲೇ ಸಜ್ಜನನೊಬ್ಬನನ್ನು ಮೇಯರ್ ಮಾಡಿದರು. ಟೇಲರ್ ಬಂದ ಮೇಲೆ ಹಳಬರು ರಾಜೀನಾಮೆ ಕೊಟ್ಟು ಹೊರನಡೆದರು.

ನಗರಸಭೆಯಲ್ಲಿ ಯಾರಿಗೂ ಬಹುಮತ ಬಾರದೆ ಹೋದಾಗ ಕನ್ನಡ ಪತ್ರಿಕೆಗಳು ಅತಂತ್ರ ಎಂದು ತಲೆಬರಹ ಕೊಡುತ್ತವೆ. ಇಂಗ್ಲೆಂಡಿನಲ್ಲಂತೂ ಪ್ರತಿ ಮೇ ತಿಂಗಳ ಸ್ಥಳೀಯ ಚುನಾವಣೆ ಮುಗಿದಾಗ ಯಾವ ಪಕ್ಷದ ಹಿಡಿತಕ್ಕೂ ಸಿಗದ ಊರುಗಳ ಪಟ್ಟಿಯೇ ಬೇರೆ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಕಷ್ಟ ಶುರುವಾದದ್ದು ಇದಕ್ಕೆ ತದ್ವಿರುದ್ಧ ಕಾರಣದಿಂದ. 1905ರ ನವೆಂಬರ್ ಚುನಾವಣೆಯಲ್ಲಿ ಯೂನಿಯನ್ ಲೇಬರ್ ಪಕ್ಷ ಹದಿನೆಂಟಕ್ಕೆ ಹದಿನೆಂಟೂ ಸ್ಥಾನ ಗೆದ್ದುಕೊಂಡಿತು. ವಿರೋಧ ಪಕ್ಷವೆಂಬುದು ಹೆಸರಿಗೂ ಉಳಿಯಲಿಲ್ಲ.

ಪಕ್ಷದ ಹೆಸರಿನಲ್ಲಿ ಕಾರ್ಮಿಕರಿದ್ದರೂ ಸೂತ್ರ ಇದ್ದದ್ದು ಏಬ್ ರೂಫ್ ಎಂಬ ವಕೀಲನ ಕೈಯಲ್ಲಿ. ಬರ್ಕ್ಲಿಯಲ್ಲಿ ಓದಿದವನು, ಹಲವು ಭಾಷೆ ಬಲ್ಲವನು, ಯಾವ ಚುನಾಯಿತ ಹುದ್ದೆಯಲ್ಲೂ ಇಲ್ಲದವನು. ಮೇಯರ್ ಸ್ಮಿಟ್ಜ್ ಅವನೇ ಹುಡುಕಿ ತಂದ ಮನುಷ್ಯ. ರಾಜಕೀಯಕ್ಕೆ ಬರುವ ಮುಂಚೆ ನಾಟಕಶಾಲೆಯಲ್ಲಿ ಪಿಟೀಲು ನುಡಿಸುತ್ತ ವಾದ್ಯವೃಂದ ನಡೆಸುತ್ತಿದ್ದ. ಊರಿನಲ್ಲಿ ಯಾವ ಕಂಪನಿಗೆ ಏನು ಪರವಾನಗಿ ಬೇಕಿದ್ದರೂ ರೂಫ್‌ಗೆ 'ವಕೀಲಿ ಶುಲ್ಕ' ತೆರಬೇಕಿತ್ತು. ಟ್ರ್ಯಾಮ್‌ಗಳಿಗೆ ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಕೊಡಲು ಅನುಮತಿ ಬಯಸಿದ ಯುನೈಟೆಡ್ ರೈಲ್‌ರೋಡ್ಸ್ ಕಂಪನಿಯಿಂದ ಅವನಿಗೆ ಸಂದದ್ದು 2 ಲಕ್ಷ ಡಾಲರ್. ಅದರಲ್ಲಿ ಸದಸ್ಯರ ಪಾಲು ತಲಾ 4,000 ಡಾಲರಿನ ಆಸುಪಾಸು. ಊರಿನ ಟೆಲಿಫೋನ್ ವ್ಯವಹಾರಕ್ಕೆ ಎರಡು ಕಂಪನಿಗಳು ಪೈಪೋಟಿಗೆ ಬಿದ್ದಾಗ ಹಲವರು ಎರಡೂ ಕಡೆಯಿಂದ ಜೇಬು ತುಂಬಿಸಿಕೊಂಡರು. ಮನೆಗೆ ಬಳಿದ ಬಣ್ಣವನ್ನೂ ನೆಕ್ಕುವ ಜನ ಇವರು ಎಂದು ರೂಫ್ ತನ್ನ ಕಡೆಯವರನ್ನೇ ಹೀಯಾಳಿಸುತ್ತಿದ್ದನಂತೆ.

1906ರ ಏಪ್ರಿಲ್ 18ರ ಭೂಕಂಪ, ಅದರ ಹಿಂದೆಯೇ ಹಬ್ಬಿದ ಬೆಂಕಿ ಊರನ್ನು ಸುಟ್ಟವು. ಈ ದಂಧೆಯನ್ನು ಸುಡಲಿಲ್ಲ. ಬುಲೆಟಿನ್ ಪತ್ರಿಕೆಯ ಸಂಪಾದಕ ಫ್ರೀಮಾಂಟ್ ಓಲ್ಡರ್ ಬೆನ್ನು ಬಿಡದೆ ಬರೆದರು, ಸಕ್ಕರೆ ಉದ್ಯಮದ ಕುಟುಂಬದ ರುಡಾಲ್ಫ್ ಸ್ಪ್ರೆಕಲ್ಸ್ ತನಿಖೆಗೆ ಕೈಯಿಂದ ಹಣ ಹಾಕಿದರು, ವಿಲಿಯಂ ಬರ್ನ್ಸ್ ಎಂಬ ಪತ್ತೇದಾರ ಬಲೆ ಬೀಸಿದ. ಬಲೆಗೆ ಇಟ್ಟ ಎರೆ ಸ್ಕೇಟಿಂಗ್ ಮೈದಾನಗಳ ಮೇಲಿನ ಒಂದು ಕ್ಷುಲ್ಲಕ ನಿಯಮ. ಆ ನಿಯಮ ಬೀಳಿಸಲು ಹಣ ಕೊಡುತ್ತೇವೆಂದು ಕರೆದಾಗ ಬಂದು ಕೈಯೊಡ್ಡಿದವರಲ್ಲಿ ಬ್ರೆಡ್ ಗಾಡಿ ಹೊಡೆಯುತ್ತಿದ್ದ ಸದಸ್ಯ ಥಾಮಸ್ ಲೋನರ್ಗನ್ ಒಬ್ಬ, ದಂತವೈದ್ಯ ಬಾಕ್ಸ್‌ಟನ್ ಇನ್ನೊಬ್ಬ. ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. 1908ರ ನವೆಂಬರಿನಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಸರ್ಕಾರಿ ವಕೀಲ ಫ್ರಾನ್ಸಿಸ್ ಹೇನಿ ಅವರಿಗೆ ನ್ಯಾಯಾಲಯದೊಳಗೆ ಗುಂಡು ತಗುಲಿತು. ಅವರ ಜಾಗಕ್ಕೆ ಬಂದು ರೂಫ್‌ಗೆ ಹದಿನಾಲ್ಕು ವರ್ಷ ಸ್ಯಾನ್ ಕ್ವೆಂಟಿನ್ ಜೈಲಿನ ಶಿಕ್ಷೆಯಾಗುವಂತೆ ವಾದಿಸಿ ಗೆದ್ದವರು ಹೈರಮ್ ಜಾನ್ಸನ್. ಎರಡು ವರ್ಷದ ನಂತರ ಜಾನ್ಸನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಗೆದ್ದರು.

ಜಾನ್ಸನ್ ಮತ್ತು ಅವರ ಜೊತೆಯ ಸುಧಾರಕರು ತಂದ ಬದಲಾವಣೆಗಳಲ್ಲಿ ಒಂದರ ಪರಿಣಾಮ ಇಂದಿಗೂ ಇದೆ. ಸ್ಥಳೀಯ ಸಂಸ್ಥೆಗಳ ಮತಪತ್ರದಿಂದ ಪಕ್ಷದ ಹೆಸರು ಮಾಯವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಗರಸಭೆಗೆ ನಿಲ್ಲುವವರು ಇವತ್ತಿಗೂ ಡೆಮಾಕ್ರಾಟ್, ರಿಪಬ್ಲಿಕನ್ ಎಂಬ ಹಣೆಪಟ್ಟಿ ಇಲ್ಲದೆ ನಿಲ್ಲಬೇಕು. ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ, ಗೆದ್ದ ಮೇಲೆ ವಿಪ್ ಇಲ್ಲ, ವಿಪ್ ಮೀರಿದರೆ ಸದಸ್ಯತ್ವ ಹೋಗುವ ಭಯವೂ ಇಲ್ಲ. ಅಂದರೆ ಕಾನೂನಿನ ಲೆಕ್ಕದಲ್ಲಿ ಅಲ್ಲಿನ ಪ್ರತಿಯೊಂದು ನಗರಸಭೆಯೂ ಹುಟ್ಟಿನಿಂದಲೇ ಅತಂತ್ರ. 1932ರಲ್ಲಿ ಜಾರಿಗೆ ಬಂದ ಹೊಸ ನಗರ ಸನ್ನದು ಸ್ಯಾನ್ ಫ್ರಾನ್ಸಿಸ್ಕೋ ಮಂಡಳಿಯ ಸದಸ್ಯರನ್ನು ಹದಿನೆಂಟರಿಂದ ಹನ್ನೊಂದಕ್ಕೆ ಇಳಿಸಿತು. ಅಂದಿನಿಂದ ಊರಿನ ಮ್ಯಾಜಿಕ್ ಸಂಖ್ಯೆ ಆರು.

ಕರ್ನಾಟಕದ ಓದುಗರಿಗೆ ಇದು ಬೇರೆಯೇ ಲೋಕ. 2015ರಲ್ಲಿ ಬೆಂಗಳೂರಿನ 198 ವಾರ್ಡುಗಳಲ್ಲಿ ಬಿಜೆಪಿ 100 ಗೆದ್ದೂ ಮೇಯರ್ ಪಟ್ಟ ಕಾಂಗ್ರೆಸ್ಸಿಗೆ ಹೋಯಿತು. 76 ಸ್ಥಾನದ ಕಾಂಗ್ರೆಸ್ಸು 14 ಸ್ಥಾನದ ಜೆಡಿಎಸ್ಸನ್ನು, ಪಕ್ಷೇತರರನ್ನು, ಮತದ ಹಕ್ಕಿದ್ದ ಶಾಸಕರು ಮತ್ತು ಸಂಸದರನ್ನು ಕೂಡಿಸಿ ಲೆಕ್ಕ ತುಂಬಿಸಿತು. 2018ರ ಮೈಸೂರಿನಲ್ಲಿ 65 ಸ್ಥಾನಗಳು ಬಿಜೆಪಿಗೆ 22, ಕಾಂಗ್ರೆಸ್ಸಿಗೆ 19, ಜೆಡಿಎಸ್ಸಿಗೆ 18 ಎಂದು ಹಂಚಿಹೋದವು. ಮುಂದಿನ ನಾಲ್ಕು ವರ್ಷಗಳಲ್ಲಿ ಮೂರು ಪಕ್ಷಗಳೂ ಸರದಿಯಂತೆ ಮೇಯರ್ ಗಾದಿಯ ರುಚಿ ನೋಡಿದವು. ಕರ್ನಾಟಕದಲ್ಲಿ ಎಣಿಕೆ ನಡೆಯುವುದು ಪಕ್ಷಗಳ ಮಟ್ಟದಲ್ಲಿ: ಇಂಥ ಪಕ್ಷ ಇಂಥದರ ಜೊತೆ ಕೂಡಿತು ಎಂದರೆ ಸದಸ್ಯರೂ ಕೂಡಿದರು ಎಂದೇ ಅರ್ಥ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹನ್ನೊಂದೂ ಮಂದಿ ಹೆಚ್ಚುಕಡಿಮೆ ಒಂದೇ ಡೆಮಾಕ್ರಾಟ್ ಪಕ್ಷದವರಾಗಿರುವುದು ಮಾಮೂಲು. ಆದರೂ ಮಂಗಳವಾರದ ಸಭೆಗೆ ವಿಷಯವೊಂದು ಬಂದರೆ ಆರು ಮಂದಿಯನ್ನು ಒಬ್ಬೊಬ್ಬರಾಗಿಯೇ ಒಲಿಸಿಕೊಳ್ಳಬೇಕು.

ಒಲಿಸಿಕೊಳ್ಳುವುದಾದರೂ ಎಲ್ಲಿ? ರೆಸಾರ್ಟಿಗೆ ಬಸ್ಸು ಹೊರಡಿಸುವ ದಾರಿ ಅಲ್ಲಿ ಮುಚ್ಚಿದೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕಲ್ ಹ್ಯಾರಿಸ್, ಸ್ಥಳೀಯ ಸಂಸ್ಥೆಗಳು ಬಾಗಿಲು ಹಾಕಿಕೊಂಡು ತೀರ್ಮಾನ ಮಾಡುವ ಬಗೆಯನ್ನು ಹತ್ತು ಕಂತುಗಳಲ್ಲಿ ಬರೆದರು. ಸಾರ್ವಜನಿಕರ ಮುಂದೆ ನಡೆಯುವ ಸಭೆ ಬರೀ ನಾಟಕ, ನಿಜವಾದ ಸಭೆ ಹಿಂದಿನ ರಾತ್ರಿಯೇ ಮುಗಿದಿರುತ್ತದೆ ಎಂಬುದು ಆ ಸರಣಿಯ ತಿರುಳು. ಮರುವರ್ಷವೇ ಶಾಸಕ ರಾಲ್ಫ್ ಬ್ರೌನ್ ಹೆಸರಿನ ಬ್ರೌನ್ ಕಾಯ್ದೆ ಬಂತು. ಅದರ ಪ್ರಕಾರ ಯಾವುದೇ ಸ್ಥಳೀಯ ಮಂಡಳಿಯ ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ ಸೇರಿ ಮಂಡಳಿಯ ವಿಷಯ ಚರ್ಚಿಸುವಂತಿಲ್ಲ. ಒಬ್ಬರಿಂದ ಒಬ್ಬರಿಗೆ ಫೋನಿನಲ್ಲಿ ಮಾತು ದಾಟಿಸುತ್ತ ಹೋಗಿ ಬಹುಮತ ಕಟ್ಟುವುದೂ ತಪ್ಪೇ. ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಬೇಕು.

ಈ ಕಾಯ್ದೆಯ ಬಿಸಿ ಚೆನ್ನಾಗಿ ತಟ್ಟುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯ ಸಣ್ಣ ಊರುಗಳಲ್ಲಿ. ಆ ಭಾಗದ ಕುಪರ್ಟಿನೋ, ಸನಿವೇಲ್, ಫ್ರೀಮಾಂಟ್, ದೊಡ್ಡ ಊರಾದ ಸ್ಯಾನ್ ಹೋಸೆಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಷ್ಟು ಹಿಂದೆ. ಆಪಲ್ ಕಂಪನಿಯ ಊರಾದ ಕುಪರ್ಟಿನೋ ನಗರಸಭೆಗೆ ಐವರೇ ಸದಸ್ಯರು. ಮೇಯರನ್ನು ವರ್ಷಕ್ಕೊಮ್ಮೆ ಅವರೊಳಗೇ ಆರಿಸಿಕೊಳ್ಳುತ್ತಾರೆ. 2017ರಲ್ಲಿ ಆ ಸರದಿ ಸವಿತಾ ವೈದ್ಯನಾಥನ್ ಅವರದಾಗಿತ್ತು. ಐವರ ಸಭೆಯಲ್ಲಿ ಬಹುಮತವೆಂದರೆ ಮೂವರು. ಹಾಗಾಗಿ ಇಬ್ಬರು ಸದಸ್ಯರು ಕಾಫಿ ಕುಡಿಯುತ್ತ ಊರಿನ ವಿಷಯ ಮಾತಾಡಿದರೆ ತಕರಾರಿಲ್ಲ, ಮೂರನೆಯವರು ಬಂದು ಅದೇ ಮಾತಿಗೆ ದನಿಗೂಡಿಸಿದರೆ ಕಾನೂನು ಮುರಿದಂತೆ. ಹಳೆಯ ವಾಲ್ಕೋ ಮಾಲ್ ಇದ್ದ ಜಾಗದಲ್ಲಿ ಏನು ಕಟ್ಟಬೇಕೆಂಬ ಜಗಳದಲ್ಲಿ ಈ ಊರು ವರ್ಷಗಟ್ಟಲೆ ಸಿಕ್ಕಿಬಿದ್ದಿತ್ತು. 2016ರಲ್ಲಿ ಪರ ಮತ್ತು ವಿರೋಧದ ಎರಡು ಪ್ರಸ್ತಾವಗಳನ್ನು ಜನರ ಮುಂದಿಟ್ಟರೆ ಜನ ಎರಡನ್ನೂ ತಿರಸ್ಕರಿಸಿದರು. 2018ರ ನವೆಂಬರ್ ಚುನಾವಣೆ ನಗರಸಭೆಯ ಬಲಾಬಲವನ್ನೇ ತಿರುಗಿಸಿತು. ಹಿಂದಿನವರು ಒಪ್ಪಿದ ಯೋಜನೆಯನ್ನು ಹೊಸಬರು ಹಿಂತೆಗೆದರು. ಎತ್ತರದ ಕಟ್ಟಡ ಬೇಕೋ ಬೇಡವೋ ಎಂಬುದೇ ಅಲ್ಲಿನ ನಿಜವಾದ ಪಕ್ಷ. ಡೆಮಾಕ್ರಾಟ್, ರಿಪಬ್ಲಿಕನ್ ಎಂಬುದೆಲ್ಲ ವಾಷಿಂಗ್ಟನ್ನಿನ ಮಾತು.

ಪಕ್ಷ ಹೋದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಹುಮತವನ್ನು ತಯಾರಿಸಿದ್ದು ಯಾರು? ಬಹುಕಾಲ ಹಣ ಮತ್ತು ಹೆಸರು. ಹನ್ನೊಂದೂ ಮಂದಿಯನ್ನು ಇಡೀ ಊರೇ ಆರಿಸುವ ಪದ್ಧತಿಯಿತ್ತು. ಊರಿಡೀ ಹೆಸರಾಗಿರಬೇಕು, ಊರಿಡೀ ಪ್ರಚಾರಕ್ಕೆ ದುಡ್ಡಿರಬೇಕು. ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟುಕೊಂಡಿದ್ದ ಹಾರ್ವಿ ಮಿಲ್ಕ್ 1973ರಲ್ಲೂ 1975ರಲ್ಲೂ ಹೀಗೆ ನಿಂತು ಸೋತರು. 1976ರಲ್ಲಿ ಜನಮತದ ಮೂಲಕ ಊರನ್ನು ಹನ್ನೊಂದು ವಾರ್ಡುಗಳಾಗಿ ಹಂಚಿದರು. 1977ರ ನವೆಂಬರಿನಲ್ಲಿ ಅದೇ ಮಿಲ್ಕ್ ತಮ್ಮ ವಾರ್ಡಿನಲ್ಲಿ ಇನ್ನೂ ಹದಿನಾರು ಮಂದಿಯ ಎದುರು ನಿಂತು, ನೂರಕ್ಕೆ ಮೂವತ್ತರಷ್ಟು ಮತ ಪಡೆದು ಗೆದ್ದರು. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು ಅಮೆರಿಕದಲ್ಲಿ ಚುನಾವಣೆ ಗೆದ್ದವರು ಆಗ ಬೆರಳೆಣಿಕೆಯಷ್ಟು. ಅದೇ ಸಲ ಎಲ್ಲಾ ಹಿಲ್ ಹಚ್ ಮಂಡಳಿಗೆ ಚುನಾಯಿತರಾದ ಮೊದಲ ಕಪ್ಪು ಮಹಿಳೆಯಾದರು. ಊರಿನ ಇನ್ನೊಂದು ಮೂಲೆಯ, ದುಡಿಯುವ ಬಿಳಿಯರ ವಾರ್ಡಿನಿಂದ ಡ್ಯಾನ್ ವೈಟ್ ಬಂದ. ಪೊಲೀಸ್ ಕೆಲಸ ಮಾಡಿದ್ದವನು, ಆಮೇಲೆ ಅಗ್ನಿಶಾಮಕ ದಳದಲ್ಲಿದ್ದವನು.

ಆ ಮಂಡಳಿಯಲ್ಲಿ ಬಿಗಿಯಾದ ವಿಷಯಗಳೆಲ್ಲ ಆರಕ್ಕೆ ಐದರಲ್ಲಿ ತೀರ್ಮಾನವಾಗುತ್ತಿದ್ದವು. ಮೇಯರ್ ಜಾರ್ಜ್ ಮಾಸ್ಕೋನಿ ಅವರ ಉದಾರವಾದಿ ಯೋಜನೆಗಳಿಗೆ ಅಡ್ಡ ನಿಲ್ಲುವ ಕಡೆಗೆ ಒಂದು ಮತ ಹೆಚ್ಚಿತ್ತು, ವೈಟ್ ಅತ್ತ ಇದ್ದವನು. ಸದಸ್ಯನ ಸಂಬಳ ವರ್ಷಕ್ಕೆ 9,600 ಡಾಲರ್. ಆ ಹುದ್ದೆಗಾಗಿ ಅಗ್ನಿಶಾಮಕ ದಳದ ಕೆಲಸ ಬಿಟ್ಟಿದ್ದ. ಪಿಯರ್ 39ರಲ್ಲಿ ಆಲೂಗಡ್ಡೆ ತಿಂಡಿಯ ಮಳಿಗೆ ಹಾಕಿದ್ದ, ಮನೆಯಲ್ಲಿ ಎಳೆಗೂಸು. 1978ರ ನವೆಂಬರ್ 10ರಂದು ಸಂಸಾರ ಸಾಗುತ್ತಿಲ್ಲವೆಂದು ರಾಜೀನಾಮೆ ಕೊಟ್ಟ. ನಾಲ್ಕೈದು ದಿನದಲ್ಲೇ ಮನಸ್ಸು ಬದಲಾಗಿ ಸ್ಥಾನ ವಾಪಸ್ ಕೊಡಿ ಎಂದ. ಮಾಸ್ಕೋನಿ ಮೊದಲು ಮೆತ್ತಗಾಗಿದ್ದರು. ಆದರೆ ತೆರವಾದ ಜಾಗ ತುಂಬುವ ಅಧಿಕಾರ ಮೇಯರಿನದು. ತಮ್ಮ ಕಡೆಯ ಒಬ್ಬರನ್ನು ನೇಮಿಸಿದರೆ ಐದು ಆರಾಗುತ್ತದೆ. ಮಿಲ್ಕ್ ಸೇರಿದಂತೆ ಹಲವರು ಇದನ್ನೇ ಒತ್ತಿ ಹೇಳಿದರು. ನವೆಂಬರ್ 27ರ ಬೆಳಗ್ಗೆ ಹೊಸ ಹೆಸರು ಪ್ರಕಟವಾಗಬೇಕಿತ್ತು.

ಆ ಬೆಳಗ್ಗೆ ವೈಟ್ ಸಿಟಿ ಹಾಲಿನ ಮುಂಬಾಗಿಲ ಲೋಹಶೋಧಕ ತಪ್ಪಿಸಿಕೊಳ್ಳಲು ನೆಲಮಾಳಿಗೆಯ ಕಿಟಕಿಯಿಂದ ಒಳಹೊಕ್ಕ. ಮೇಯರ್ ಕೋಣೆಯಲ್ಲಿ ಮಾಸ್ಕೋನಿಯವರನ್ನು, ಅಲ್ಲಿಂದ ಕಟ್ಟಡದ ಇನ್ನೊಂದು ಕಡೆಗೆ ನಡೆದು ಹೋಗಿ ಮಿಲ್ಕ್ ಅವರನ್ನು ಗುಂಡಿಟ್ಟು ಕೊಂದ. ಈ ಕೊಲೆಗಳನ್ನು ದ್ವೇಷದ ಕಥೆಯಾಗಿ, ಸಲಿಂಗಿಗಳ ಹೋರಾಟದ ಕಥೆಯಾಗಿ ಹೇಳುವವರು ಬಹಳ. ಅದು ತಪ್ಪಲ್ಲ. ಆದರೆ ಅಂದು ಬೆಳಗ್ಗೆ ಸಿಟಿ ಹಾಲಿನಲ್ಲಿ ಎಲ್ಲರ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದು ಖಾಲಿ ಕುರ್ಚಿ, ಅದರ ಜೊತೆಗೆ ಹೋಗುವ ಒಂದು ಮತ.

ಮಂಡಳಿಯ ಅಧ್ಯಕ್ಷೆಯಾಗಿದ್ದವರು ಡಯಾನ್ ಫೈನ್‌ಸ್ಟೈನ್. 1971ರಲ್ಲೂ 1975ರಲ್ಲೂ ಮೇಯರ್ ಚುನಾವಣೆಗೆ ನಿಂತು ಎರಡು ಸಲವೂ ಮೂರನೆಯವರಾಗಿದ್ದರು. ಆಗಷ್ಟೇ ನೇಪಾಳದ ಪ್ರವಾಸ ಮುಗಿಸಿ ಬಂದಿದ್ದ ಅವರು, ಇನ್ನು ಮೇಯರ್ ಹುದ್ದೆಯ ಆಸೆ ಸಾಕೆಂದು ಅದೇ ಬೆಳಗ್ಗೆ ವರದಿಗಾರರ ಬಳಿ ಹೇಳಿಕೊಂಡಿದ್ದರು. ಕೆಲವೇ ಗಂಟೆಗಳಲ್ಲಿ ಮಿಲ್ಕ್ ಅವರ ದೇಹ ಮೊದಲು ಕಂಡವರೂ ಅವರೇ, ಕೊಲೆಯ ಸುದ್ದಿಯನ್ನು ಜನರಿಗೆ ತಿಳಿಸಿದವರೂ ಅವರೇ, ಹಂಗಾಮಿ ಮೇಯರ್ ಆದವರೂ ಅವರೇ. ಡಿಸೆಂಬರ್ 4ರಂದು ಉಳಿದ ಸದಸ್ಯರು ಸೇರಿ ಅವರನ್ನೇ ಮೇಯರ್ ಆಗಿ ಆರಿಸಿದರು. ಎರಡು ಕುರ್ಚಿ ಖಾಲಿ ಇದ್ದರೂ ಬೇಕಾದದ್ದು ಆರು ಮತವೇ. ಎರಡು ಸಲ ಊರು ಒಲ್ಲೆನೆಂದವರನ್ನು ಮಂಡಳಿ ಮೇಯರ್ ಮಾಡಿತು. ಮರುವರ್ಷ ಊರೂ ಒಪ್ಪಿ, 1988ರ ಜನವರಿಯವರೆಗೆ ಅವರೇ ಮುಂದುವರಿದರು. ಮುಂದೆ ಅಮೆರಿಕದ ಸೆನೆಟ್ಟಿಗೆ ಹೋಗಿ 2023ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ವಾರ್ಡು ಪದ್ಧತಿಯ ಮೇಲೆ ತಪ್ಪು ಹೊರಿಸಲು ಹೆಚ್ಚು ದಿನ ಬೇಕಾಗಲಿಲ್ಲ. ವಾರ್ಡು ವಾರ್ಡಿಗೂ ಹಗೆ ಹುಟ್ಟಿಸಿ ಇಂಥವರನ್ನೆಲ್ಲ ಆರಿಸಿತೆಂದು ವಿರೋಧಿಗಳು ಹುಯಿಲೆಬ್ಬಿಸಿದರು. 1980ರ ಆಗಸ್ಟಿನಲ್ಲಿ ಜನಮತದಿಂದಲೇ ಅದು ರದ್ದಾಯಿತು. ಮತ್ತೆ ಇಡೀ ಊರಿನ ಮತ, ಮತ್ತೆ ಹಣದ ಹೊಳೆ. 1996ರಲ್ಲಿ ಊರು ಮೂರನೆಯ ಸಲ ಮನಸ್ಸು ಬದಲಿಸಿ ವಾರ್ಡುಗಳನ್ನು ವಾಪಸ್ ತಂದಿತು, 2000ದ ಚುನಾವಣೆಯಿಂದ ಅದು ಜಾರಿಯಾಯಿತು. ಆಗಿನ ಮೇಯರ್ ವಿಲ್ಲಿ ಬ್ರೌನ್ ಕ್ಯಾಲಿಫೋರ್ನಿಯಾ ಶಾಸನಸಭೆಯ ಸ್ಪೀಕರ್ ಆಗಿ ವರ್ಷಗಟ್ಟಲೆ ಮೆರೆದಿದ್ದವರು, ಮತ ಎಣಿಸುವುದರಲ್ಲಿ ಪಳಗಿದ ಕೈ. ಹೊಸ ವಾರ್ಡುಗಳಿಂದ ಬಂದದ್ದು ಮಾತ್ರ ಅವರನ್ನು ಎದುರಿಸುವ ಮಂಡಳಿ.

2003ರ ಜನವರಿಯಲ್ಲಿ ಆ ಮಂಡಳಿ ತನ್ನ ಅಧ್ಯಕ್ಷರನ್ನು ಆರಿಸಲು ಏಳು ಸುತ್ತು ಮತ ಹಾಕಬೇಕಾಯಿತು. ಸಿಟಿ ಹಾಲಿನ ಎರಡನೆಯ ಮಹಡಿಯಲ್ಲಿ, ಮಂಚೂರಿಯಾದ ಓಕ್ ಮರದ ಕೆತ್ತನೆ ತುಂಬಿದ ಸಭಾಂಗಣದಲ್ಲಿ, ಎಲ್ಲರ ಕಣ್ಣೆದುರಿಗೇ ಈ ಏಳು ಸುತ್ತು. ಕೊನೆಗೆ ಗೆದ್ದವರು ಗ್ರೀನ್ ಪಾರ್ಟಿಯ ಮ್ಯಾಟ್ ಗೊನ್ಸಾಲೆಸ್. ಸ್ವಾರಸ್ಯವೆಂದರೆ ಅವರಿಗೆ ಬೆಂಬಲ ಕೊಟ್ಟವರಲ್ಲಿ ಮಂಡಳಿಯ ಅತ್ಯಂತ ಸಂಪ್ರದಾಯವಾದಿ ಸದಸ್ಯರಲ್ಲೊಬ್ಬರಾದ ಟೋನಿ ಹಾಲ್ ಕೂಡ ಇದ್ದರು. ನ್ಯಾಯವಾಗಿ ಸಭೆ ನಡೆಸುವ ಪ್ರಾಮಾಣಿಕ ಮನುಷ್ಯ ಎಂಬುದು ಅವರು ಕೊಟ್ಟ ಕಾರಣ. ವಿಪ್ ಇರುವ ಊರಿನಲ್ಲಿ ಇಂಥ ಮತ ಬೀಳುತ್ತಿರಲಿಲ್ಲ.

ಸಭೆಯೊಳಗೆ ಸುತ್ತು ಸುತ್ತಾಗಿ ಮತ ಹಾಕಿ ಬಹುಮತ ಹುಟ್ಟಿಸಬಹುದಾದರೆ ಮತದಾರರಿಂದಲೂ ಹಾಗೇ ಮಾಡಿಸಬಹುದಲ್ಲ? ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದಿದ್ದರೆ ಡಿಸೆಂಬರಿನಲ್ಲಿ ಮೊದಲ ಇಬ್ಬರ ನಡುವೆ ಮರುಚುನಾವಣೆ ನಡೆಯುತ್ತಿತ್ತು. ಖರ್ಚು ದಂಡಿ, ಮತಗಟ್ಟೆಗೆ ಬರುವವರು ಕಡಿಮೆ. 2002ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇದಕ್ಕೆ ಬದಲು ಕ್ರಮಾಂಕದ ಮತವನ್ನು ಒಪ್ಪಿತು, 2004ರಲ್ಲಿ ಮೊದಲ ಸಲ ಬಳಸಿತು. ಮತದಾರರು ಒಬ್ಬರನ್ನೇ ಆರಿಸದೆ ಮೊದಲ ಇಷ್ಟ, ಎರಡನೆಯ ಇಷ್ಟ, ಮೂರನೆಯ ಇಷ್ಟ ಎಂದು ಗುರುತು ಹಾಕುತ್ತಾರೆ. ಎಲ್ಲರಿಗಿಂತ ಕಡಿಮೆ ಮತ ಬಿದ್ದ ಅಭ್ಯರ್ಥಿಯನ್ನು ತೆಗೆದು, ಅವರಿಗೆ ಬಿದ್ದ ಮತಗಳನ್ನು ಆಯಾ ಮತದಾರರ ಮುಂದಿನ ಇಷ್ಟಕ್ಕೆ ವರ್ಗಾಯಿಸುತ್ತಾರೆ. ಉಳಿದವರಲ್ಲಿ ಒಬ್ಬರು ಅರ್ಧ ದಾಟುವವರೆಗೂ ಇದೇ ನಡೆಯುತ್ತದೆ. ಭಾರತದಲ್ಲಿ ರಾಜ್ಯಸಭೆ, ರಾಷ್ಟ್ರಪತಿ ಚುನಾವಣೆಗಳ ಪ್ರಾಶಸ್ತ್ಯದ ಮತ ಬಲ್ಲವರಿಗೆ ಇದು ಹೊಸದಲ್ಲ. ಹೊಸದು ಬೀದಿಬೀದಿಯ ಮತದಾರನ ಕೈಗೆ ಅದನ್ನು ಕೊಟ್ಟದ್ದು.

ಪರಿಣಾಮ ಕೆಲವೊಮ್ಮೆ ತಲೆ ತಿರುಗಿಸುವಂಥದು. 2010ರಲ್ಲಿ ನಗರದ ಹತ್ತನೆಯ ವಾರ್ಡಿಗೆ 21 ಮಂದಿ ನಿಂತರು. ಮೊದಲ ಸುತ್ತಿನಲ್ಲಿ ನೂರಕ್ಕೆ ಹನ್ನೆರಡರ ಆಸುಪಾಸು ಮತ ಪಡೆದು ಮೂರನೆಯ ಸ್ಥಾನದಲ್ಲಿದ್ದ ಮಲಿಯಾ ಕೋಹೆನ್, ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಕೊನೆಗೆ ಗೆದ್ದರು. ಕೊಲ್ಲಿಯ ಆಚೆ ದಡದ ಓಕ್ಲೆಂಡಿನಲ್ಲಿ ಅದೇ ನವೆಂಬರಿನ ಮೇಯರ್ ಚುನಾವಣೆ ಇನ್ನೂ ಜೋರು. ರಾಜ್ಯ ಸೆನೆಟ್ಟಿನ ಮುಖ್ಯಸ್ಥರಾಗಿದ್ದ ಡಾನ್ ಪೆರಾಟಾ ಹಣದಲ್ಲೂ ಹೆಸರಲ್ಲೂ ಮುಂದು. ಮೊದಲ ಎಣಿಕೆಯಲ್ಲಿ ಅವರಿಗೆ ನೂರಕ್ಕೆ ಸುಮಾರು 34, ನಗರಸಭೆ ಸದಸ್ಯೆ ಜೀನ್ ಕ್ವಾನ್ ಅವರಿಗೆ 24ರ ಮೇಲೆ. ಆದರೆ ಕ್ವಾನ್ ಮನೆಮನೆಗೆ ಹೋದಾಗ, ನಿಮ್ಮ ಮೊದಲ ಮತ ಬೇರೆಯವರಿಗಿದ್ದರೆ ಚಿಂತೆಯಿಲ್ಲ, ಎರಡನೆಯದು ನನಗಿರಲಿ ಎಂದೇ ಕೇಳಿದ್ದರು. ಮೂರನೆಯ ಸ್ಥಾನದಲ್ಲಿದ್ದ ರೆಬೆಕಾ ಕ್ಯಾಪ್ಲನ್ ಕಳಚಿಕೊಂಡಾಗ ಅವರ ಮತಗಳ ಬಹುಪಾಲು ಕ್ವಾನ್ ಕಡೆಗೆ ಬಂತು. ಕೊನೆಯ ಲೆಕ್ಕ ಸುಮಾರು 51ಕ್ಕೆ 49. ಪೆರಾಟಾ ಬೆಂಬಲಿಗರು ಮೊದಲು ಬಂದವರು ಸೋಲುವುದು ಯಾವ ಸೀಮೆಯ ನ್ಯಾಯ ಎಂದು ಕೇಳಿದರು. ಉತ್ತರ ಸರಳ: ನೂರರಲ್ಲಿ 66 ಮಂದಿ ಅವರನ್ನು ಮೊದಲ ಇಷ್ಟವಾಗಿ ಬಯಸಿರಲಿಲ್ಲ. ಸೋತವರಿಗೆ ಅದು ಸುಲಭವಾಗಿ ಕಾಣುವುದಿಲ್ಲ.

ಲೆಕ್ಕದಲ್ಲೇ ಎಡವಿದ್ದೂ ಉಂಟು. 2022ರಲ್ಲಿ ಓಕ್ಲೆಂಡಿನ ಶಾಲಾ ಮಂಡಳಿಯ ನಾಲ್ಕನೆಯ ವಾರ್ಡಿನ ಚುನಾವಣೆಯಲ್ಲಿ ನಿಕ್ ರೆಸ್ನಿಕ್ ಗೆದ್ದರೆಂದು ಅಲಮೇಡಾ ಕೌಂಟಿ ಘೋಷಿಸಿತು, ಪ್ರಮಾಣಪತ್ರವನ್ನೂ ಕೊಟ್ಟಿತು. ಹೊರಗಿನವರು ಮತಪತ್ರಗಳ ದತ್ತಾಂಶ ತೆಗೆದು ಮತ್ತೆ ಕೂಡಿದಾಗ ಬೇರೆಯೇ ಉತ್ತರ ಬಂತು. ಕೆಲವು ಮತದಾರರು ಮೊದಲ ಇಷ್ಟದ ಕಾಲಂ ಖಾಲಿ ಬಿಟ್ಟು ಎರಡನೆಯದರಲ್ಲಿ ಗುರುತು ಹಾಕಿದ್ದರು. ಅಂಥ ಮತಗಳನ್ನು ನೇರವಾಗಿ ಮೊದಲ ಸುತ್ತಿಗೇ ಎತ್ತಿಕೊಳ್ಳಬೇಕೆಂಬುದು ನಿಯಮ. ತಂತ್ರಾಂಶದ ಒಂದು ಸೆಟ್ಟಿಂಗ್ ತಪ್ಪಾಗಿ ಮೊದಲ ಸುತ್ತಿನಲ್ಲಿ ಅವು ಲೆಕ್ಕಕ್ಕೇ ಬಾರದೆ ಉಳಿದವು, ಅದರಿಂದ ಯಾರು ಮೊದಲು ಹೊರಬೀಳಬೇಕೆಂಬ ಕ್ರಮವೇ ಬದಲಾಯಿತು. ನಿಜವಾಗಿ ಗೆದ್ದವರು ಮೈಕ್ ಹಚಿನ್ಸನ್ ಎಂದು 2023ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದೇ ಸಲದ ಓಕ್ಲೆಂಡ್ ಮೇಯರ್ ಚುನಾವಣೆಯಲ್ಲಿ ಶೆಂಗ್ ಥಾವೊ ಗೆದ್ದ ಅಂತರ 677 ಮತ. ಅಲ್ಲೂ ಮೊದಲ ಸುತ್ತಿನಲ್ಲಿ ಮುಂದಿದ್ದವರು ಬೇರೆ, ಲೋರೆನ್ ಟೇಲರ್.

ಇಷ್ಟೆಲ್ಲ ಸುಧಾರಣೆಯಾದರೂ ನಡುವಿನಲ್ಲಿ ಮೇಯರ್ ಕುರ್ಚಿ ಖಾಲಿಯಾದರೆ ಸ್ಯಾನ್ ಫ್ರಾನ್ಸಿಸ್ಕೋ 1907ರ ದಾರಿಗೇ ಬರುತ್ತದೆ. ಜನರಲ್ಲ, ಮಂಡಳಿ ಆರಿಸಬೇಕು; ಅದೂ ಆರು ಮತದಿಂದ. 2010ರ ಕೊನೆಗೆ ಮೇಯರ್ ಗೇವಿನ್ ನ್ಯೂಸಮ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದಾಗ ಅದೇ ಆಯಿತು. ಅವಧಿ ಮುಗಿಯುತ್ತಿದ್ದ ಹಳೆಯ ಮಂಡಳಿಗೆ ಆಯ್ಕೆ ಸಿಗಬೇಕೋ, ಹೊಸಬರಿಗೋ ಎಂಬ ಹಗ್ಗಜಗ್ಗಾಟದಲ್ಲಿ ನ್ಯೂಸಮ್ ತಮ್ಮ ಪ್ರಮಾಣವಚನವನ್ನೇ 2011ರ ಜನವರಿ 10ರವರೆಗೆ ಮುಂದೂಡಿದರು. ಮಾಜಿ ಮೇಯರ್ ಆರ್ಟ್ ಆಗ್ನೋಸ್, ಷರೀಫ್ ಮೈಕಲ್ ಹೆನೆಸಿ ಹೀಗೆ ಹೆಸರುಗಳು ತೇಲಿದವು. ಕೊನೆಗೆ ದಡ ಮುಟ್ಟಿದ್ದು ನಗರದ ಆಡಳಿತಾಧಿಕಾರಿ ಎಡ್ ಲೀ ಅವರ ಹೆಸರು. ಹಳೆಯ ಮಂಡಳಿ ಹತ್ತಕ್ಕೆ ಒಂದರಲ್ಲಿ ಅವರನ್ನು ಒಪ್ಪಿತು, ಜನವರಿ 11ರಂದು ಹೊಸ ಮಂಡಳಿ ಸರ್ವಾನುಮತದಿಂದ ಮುದ್ರೆಯೊತ್ತಿತು. ನವೆಂಬರ್ ಚುನಾವಣೆಗೆ ನಿಲ್ಲುವುದಿಲ್ಲ ಎಂದಿದ್ದ ಲೀ ಆಗಸ್ಟಿನಲ್ಲಿ ಮಾತು ಬದಲಿಸಿ ನಿಂತರು, ಗೆದ್ದರು. ಊರಿನ ಮೊದಲ ಚೀನೀ ಮೂಲದ ಮೇಯರ್ ಬಂದದ್ದು ಹೀಗೆ. 'ಹಂಗಾಮಿ' ಎಂದು ಕೂತವರು ಏಳಲೊಲ್ಲರು ಎಂಬ ಪಾಠವನ್ನು ಆ ಸಭಾಂಗಣ ಅಂದು ಚೆನ್ನಾಗಿ ಕಲಿಯಿತು. 2018ರ ನಡೆಯನ್ನು ಅದಿಲ್ಲದೆ ಅರ್ಥ ಮಾಡಿಕೊಳ್ಳುವುದು ಕಷ್ಟ.

2017ರ ಡಿಸೆಂಬರ್ 12ರಂದು ಲೀ ಹಠಾತ್ತಾಗಿ ತೀರಿಕೊಂಡರು. ಮಂಡಳಿಯ ಅಧ್ಯಕ್ಷೆ ಲಂಡನ್ ಬ್ರೀಡ್ ಸನ್ನದಿನ ಪ್ರಕಾರ ಅದೇ ಗಳಿಗೆಯಿಂದ ಹಂಗಾಮಿ ಮೇಯರ್. ಸರ್ಕಾರಿ ವಸತಿ ಸಮುಚ್ಚಯದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಕಪ್ಪು ಮಹಿಳೆ ಈಗ ಏಕಕಾಲಕ್ಕೆ ಮೇಯರ್, ಮಂಡಳಿಯ ಅಧ್ಯಕ್ಷೆ, ತಮ್ಮ ವಾರ್ಡಿನ ಸದಸ್ಯೆ. ಜೂನಿನಲ್ಲಿ ವಿಶೇಷ ಚುನಾವಣೆ, ಅದರಲ್ಲಿ ಅವರೂ ಅಭ್ಯರ್ಥಿ. ಆರು ತಿಂಗಳು ಮೇಯರ್ ಕುರ್ಚಿಯಲ್ಲಿ ಕೂತು ಚುನಾವಣೆಗೆ ಹೋದವರನ್ನು ಸೋಲಿಸುವುದು ಯಾರಿಗಾದರೂ ಕಷ್ಟ. ಜನವರಿ 23ರ ಸಭೆಯಲ್ಲಿ ಮಂಡಳಿ ಎಂಟಕ್ಕೆ ಮೂರರಲ್ಲಿ ಮಾರ್ಕ್ ಫ್ಯಾರೆಲ್ ಎಂಬ ಸದಸ್ಯರನ್ನು ಮಧ್ಯಂತರ ಮೇಯರ್ ಮಾಡಿತು. ಫ್ಯಾರೆಲ್ ಬಂಡವಾಳ ಹೂಡಿಕೆಯ ವೃತ್ತಿಯವರು, ಊರಿನ ಅತಿ ಶ್ರೀಮಂತ ಬಡಾವಣೆಗಳ ಪ್ರತಿನಿಧಿ. ಅವರಿಗೆ ಮತ ಹಾಕಿದವರಲ್ಲಿ ಅವರ ನೀತಿಗಳನ್ನೆಲ್ಲ ವಿರೋಧಿಸುತ್ತ ಬಂದ ಎಡಪಂಥದ ಸದಸ್ಯರೂ ಇದ್ದರು. ಹಿಲರಿ ರೋನೆನ್ ಕಣ್ಣೀರು ಹಾಕಿಕೊಂಡು, ಊರನ್ನು ಆಳಬೇಕಾದದ್ದು ಬ್ರೀಡ್ ಹಿಂದಿರುವ ಕುಬೇರರಲ್ಲ ಎಂಬರ್ಥದ ಮಾತಾಡಿದರು. ಕಪ್ಪು ಮಹಿಳೆಯನ್ನು ಇಳಿಸಿ ಸಿರಿವಂತ ಬಿಳಿಯನನ್ನು ಕೂರಿಸಿದಿರಿ ಎಂದು ಪ್ರೇಕ್ಷಕರ ಕಡೆಯಿಂದ ಕೂಗಾಟ ಎದ್ದಿತು. ಯಾವ ವಾದದಲ್ಲಿ ಎಷ್ಟು ಪ್ರಾಮಾಣಿಕತೆ ಇತ್ತೋ. ಎರಡೂ ಕಡೆಯ ಕಣ್ಣು ಮಾತ್ರ ಜೂನಿನ ಮೇಲೆ ನೆಟ್ಟಿತ್ತು.

ಜೂನ್ 5ರ ಚುನಾವಣೆಯಲ್ಲಿ ಎದುರಾಳಿಗಳಾದ ಮಾರ್ಕ್ ಲೆನೊ ಮತ್ತು ಜೇನ್ ಕಿಮ್ ಕ್ರಮಾಂಕದ ಮತದ ಲಾಭ ಪಡೆಯಲು ಕೈಜೋಡಿಸಿದರು. ನನಗೆ ಮೊದಲ ಮತ, ಇನ್ನೊಬ್ಬರಿಗೆ ಎರಡನೆಯ ಮತ ಎಂದು ಇಬ್ಬರೂ ಒಟ್ಟಿಗೇ ಪ್ರಚಾರ ಮಾಡಿದರು. ಮೊದಲ ಸುತ್ತಿನಲ್ಲಿ ಬ್ರೀಡ್ ಅವರಿಗೆ ನೂರಕ್ಕೆ ಸುಮಾರು 37, ಲೆನೊ ಮತ್ತು ಕಿಮ್ ತಲಾ 24ರ ಆಸುಪಾಸು. ಕಿಮ್ ಹೊರಬಿದ್ದಾಗ ಅವರ ಮತಗಳು ಮಾತು ಕೊಟ್ಟಂತೆ ಬಹುಪಾಲು ಲೆನೊಗೇ ಹೋದವು. ಚುನಾವಣೆಯ ರಾತ್ರಿ ಲೆನೊ ಮುಂದಿದ್ದರು. ಅಂಚೆಯಲ್ಲಿ ಬಂದ ಮತಗಳ ಎಣಿಕೆ ದಿನಗಟ್ಟಲೆ ನಡೆದು, ಒಂದು ವಾರದ ಮೇಲೆ ಬ್ರೀಡ್ ನೂರಕ್ಕೆ ಐವತ್ತೂವರೆಯಷ್ಟು ಪಡೆದು ಗೆದ್ದರು. ಜನವರಿಯಲ್ಲಿ ಮಂಡಳಿ ಇಳಿಸಿದವರು ಜುಲೈನಲ್ಲಿ ಊರಿನ ಮತದಿಂದ ಮೇಯರ್ ಆಗಿ ವಾಪಸ್ ಬಂದರು.

2024ರ ನವೆಂಬರಿನ ಮೇಯರ್ ಮತಪತ್ರದಲ್ಲಿ ಬ್ರೀಡ್ ಇದ್ದರು. ಅವರ ಜಾಗಕ್ಕೆ ಮಂಡಳಿ ಕೂರಿಸಿದ್ದ ಫ್ಯಾರೆಲ್ ಕೂಡ ಇದ್ದರು. ಎರಡು ಕಾಲಘಟ್ಟದಲ್ಲಿ ಮಂಡಳಿಯ ಅಧ್ಯಕ್ಷರಾಗಿ, ಆರು ಮತ ಕೂಡಿಸುವ ಕಲೆಯಲ್ಲಿ ಹೆಸರಾಗಿದ್ದ ಆರನ್ ಪೆಸ್ಕಿನ್ ಕೂಡ ಇದ್ದರು. ಸುತ್ತುಗಳೆಲ್ಲ ಮುಗಿದಾಗ ಬ್ರೀಡ್ ಅವರನ್ನು ಹಿಂದಿಕ್ಕಿ ಗೆದ್ದವರು ಡ್ಯಾನಿಯಲ್ ಲೂರಿ. ಲೀವೈಸ್ ಜೀನ್ಸ್ ಮನೆತನದ ವಾರಸುದಾರ, ಬಡತನ ನಿವಾರಣೆಯ ಸಂಸ್ಥೆ ಕಟ್ಟಿದವರು. ಅವರು ಅದುವರೆಗೆ ಯಾವ ಚುನಾಯಿತ ಹುದ್ದೆಯಲ್ಲೂ ಇದ್ದವರಲ್ಲ, ಮಂಡಳಿಯ ಸಭಾಂಗಣದಲ್ಲಿ ಒಂದು ಮತವನ್ನೂ ಹಾಕಿದವರಲ್ಲ.